ಯುದ್ಧದ ಯಂತ್ರಕ್ಕೆ ಯಾರ ಹೆಸರು?

2022ರ ಅಕ್ಟೋಬರ್ 3ರಂದು ರಾಜಸ್ಥಾನದ ಜೋಧಪುರದಲ್ಲಿ ವಾಯುಪಡೆಗೆ ಒಂದು ಹೊಸ ಯುದ್ಧ ಹೆಲಿಕಾಪ್ಟರ್ ಸೇರಿತು. ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆಯಲ್ಲಿ ತಯಾರಾದದ್ದು. 2010ರ ಮಾರ್ಚ್‌ನಲ್ಲಿ ಮೊದಲ ಸಲ ಹಾರಿದಾಗಿನಿಂದ ಹನ್ನೆರಡು ವರ್ಷ ಅದನ್ನು ಬರೀ ಎಲ್‌ಸಿಎಚ್ ಎಂದು ಕರೆಯುತ್ತಿದ್ದರು. ಆ ದಿನ ರಕ್ಷಣಾ ಸಚಿವ ರಾಜನಾಥ್ ಸಿಂಗ್ ಅದಕ್ಕೆ 'ಪ್ರಚಂಡ' ಎಂದು ಹೆಸರಿಟ್ಟರು. 2025ರ ಮಾರ್ಚ್‌ನಲ್ಲಿ ಇಂಥ 156 ಯಂತ್ರಗಳಿಗೆ ಸುಮಾರು 62,700 ಕೋಟಿ ರೂಪಾಯಿಯ ಕರಾರಾಯಿತು. ಆ ದುಡ್ಡಿನಲ್ಲಿ ದೇವದುರ್ಗದ ಕೂಲಿಯಾಕೆ ಸಂತೆಯಲ್ಲಿ ಕೊಂಡ ಸೋಪಿನ ತೆರಿಗೆಯೂ ಇದೆ. ಹೆಸರಿಡುವಾಗ ಮಾತ್ರ ಆಕೆಯನ್ನು ಯಾರೂ ಕೇಳಲಿಲ್ಲ.

'ಒಂದು ಹೆಸರಿಗೆ ಇಷ್ಟ್ಯಾಕ ತಲಿ ಕೆಡಿಸಿಕೊಳ್ತೀರಿ, ಬಿಡ್ರಿ' ಎನ್ನುವವರಿದ್ದಾರೆ. 'ಪ್ರಚಂಡ ಕುಳ್ಳ' ಸಿನಿಮಾ ನೋಡಿ ನಕ್ಕ ಜನ ನಾವು. ಈ ಪ್ರಚಂಡನನ್ನೂ ನಕ್ಕು ಬಿಡಬಹುದಿತ್ತು. ಆದರೆ ಹೆಸರನ್ನು ಹಗುರಾಗಿ ತೆಗೆದುಕೊಳ್ಳುವ ಸುಖ ನಮಗಿಲ್ಲ. ದೇವದುರ್ಗ, ಮಾನ್ವಿ ಸೀಮೆಯ ಕೇರಿಗಳಲ್ಲಿ ತಾಯಿತಂದೆ ಇಟ್ಟ ಹೆಸರು ದುರುಗಪ್ಪ. ಊರೊಳಗೆ ಕಾಲಿಟ್ಟ ಕೂಡಲೇ ಅದು ದುರುಗ್ಯಾ. ಯಲ್ಲಮ್ಮ ಹೋಗಿ ಯಲ್ಲಿ. ಮರ್ಯಾದೆಯ 'ಅಪ್ಪ', 'ಅಮ್ಮ' ಅಗಸಿ ಬಾಗಿಲಲ್ಲೇ ಉಳಿದುಬಿಡುತ್ತಿದ್ದವು. ಅಜ್ಜನ ವಯಸ್ಸಿನವನನ್ನು ಗೌಡರ ಮನೆಯ ಕೂಸು 'ಏ ದುರುಗ್ಯಾ' ಎಂದು ಕರೆಯುತ್ತಿತ್ತು. ಹೆಸರು ಇಡುವವ ಯಾರು, ಹೆಸರು ಹೊರುವವ ಯಾರು ಎಂಬುದರಲ್ಲಿ ಯಜಮಾನಿಕೆ ಅಡಗಿದೆ ಎಂದು ನಾವು ಯಾವ ಶಾಸ್ತ್ರ ಓದಿಯೂ ಕಲಿಯಬೇಕಾಗಿರಲಿಲ್ಲ.

ಜನರೂ ಹೆಸರಿಡುತ್ತಾರೆ. ರಾಯಚೂರು ಸೀಮೆಯಲ್ಲಿ ಮೋಟಾರ್ ಸೈಕಲ್ಲು ಪಟಪಟಿ. ಹತ್ತಿ ಬಿಡಿಸಲು ಹೆಣ್ಣುಮಕ್ಕಳನ್ನು ತುಂಬಿಕೊಂಡು ಹೋಗುವ ಮೂರು ಗಾಲಿಯ ಗಾಡಿ ಟಂಟಂ. ಅದು ಮಾಡುವ ಸಪ್ಪಳವೇ ಅದರ ಹೆಸರು. ಅದರಲ್ಲಿ ಸುಳ್ಳಿಲ್ಲ, ಜಂಬವೂ ಇಲ್ಲ. ಹೊಲದ ಮೇಲೆ ಹಾರುವ ಹುಳವನ್ನು ಮಕ್ಕಳು 'ಏರೋಪ್ಲೇನ್ ಚಿಟ್ಟಿ' ಅಂತಾರೆ. ಕೂಸು ಉಳಿಯಲೆಂದು ಅದನ್ನು ತಿಪ್ಪೆಗೆ ಹಾಕಿ, ಮತ್ತೆ ಎತ್ತಿಕೊಂಡು ತಿಪ್ಪಯ್ಯ ಎಂದು ಕರೆದ ತಾಯಂದಿರಿದ್ದಾರೆ. ಸಾವಿನ ಕಣ್ಣು ತಪ್ಪಿಸಲು ಬಡವರು ಜೀವಕ್ಕೆ ಕೀಳು ಹೆಸರಿಟ್ಟರು. ಪ್ರಭುತ್ವ ಸಾವಿನ ಯಂತ್ರಕ್ಕೆ ಮೇಲಾದ ಹೆಸರಿಡುತ್ತದೆ.

ಸೈನಿಕನ ಮನಸ್ಸು ನಮಗೆ ಅರ್ಥವಾಗದೆ ಇಲ್ಲ. ರೈತ ಎತ್ತಿಗೆ ಹೆಸರಿಟ್ಟು ಮಾತಾಡಿಸುತ್ತಾನೆ, ಡ್ರೈವರ್ ಲಾರಿಯ ಹಣೆಗೆ ಮಗಳ ಹೆಸರು ಬರೆಸುತ್ತಾನೆ. ಹಿಮದ ಗುಡ್ಡಗಳ ಮೇಲೆ ಹಾರುವ ಪೈಲಟ್ ತನ್ನ ಜೀವ ಹೊತ್ತ ಯಂತ್ರವನ್ನು ಅಕ್ಕರೆಯಿಂದ ಕರೆದರೆ ಅದರಲ್ಲಿ ತಪ್ಪೇನಿದೆ? ಆದರೆ ಸಮಾರಂಭ ಮಾಡಿ ಇಡುವ ಹೆಸರು ಪೈಲಟ್‌ಗಾಗಿ ಇಟ್ಟದ್ದಲ್ಲ. ಯಂತ್ರಕ್ಕೂ ಅದರಿಂದ ಏನೂ ಆಗುವುದಿಲ್ಲ. ಎಚ್‌ಎಎಲ್‌ನ ಇನ್ನೊಂದು ಹೆಲಿಕಾಪ್ಟರಿನ ಹೆಸರು ಧ್ರುವ, ಅಂದರೆ ಕದಲದವ. 2025ರ ಜನವರಿ 5ರಂದು ಪೋರಬಂದರಿನಲ್ಲಿ ಕರಾವಳಿ ಕಾವಲು ಪಡೆಯ ಧ್ರುವ ಬಿದ್ದು ಮೂವರು ಸತ್ತರು. ಆಮೇಲೆ ದೇಶದ ಎಲ್ಲ ಧ್ರುವಗಳನ್ನೂ ಕೆಲಕಾಲ ನೆಲದ ಮೇಲೆ ನಿಲ್ಲಿಸಬೇಕಾಯಿತು. ಲೋಹ ಬಿರುಕು ಬಿಡುವಾಗ ಪುರಾಣ ಕೇಳುವುದಿಲ್ಲ. ಹೆಸರು ಕೆಲಸ ಮಾಡುವುದು ನಮ್ಮ ಮೇಲೆ, ನೆಲದ ಮೇಲೆ ನಿಂತು ನೋಡುವವರ ಮೇಲೆ. ಪುರಾಣದ ಧ್ರುವ ತಂದೆಯ ತೊಡೆಯಿಂದ ದಬ್ಬಿಸಿಕೊಂಡ ಕೂಸು. ದೇವದಾಸಿ ಬಿಡುವುದನ್ನು 1982ರ ಕಾಯ್ದೆ ನಿಷೇಧಿಸಿದ ಮೇಲೂ ನಮ್ಮ ಜಿಲ್ಲೆಯಲ್ಲಿ ಶಾಲೆಯ ಅರ್ಜಿಯ 'ತಂದೆಯ ಹೆಸರು' ಎಂಬ ಜಾಗದ ಮುಂದೆ ಪೆನ್ನು ಹಿಡಿದು ನಿಂತ ಮಕ್ಕಳು ಎಷ್ಟೋ. ಆ ಧ್ರುವನನ್ನು ಯಾರೂ ನೆನೆಯಲಿಲ್ಲ. ಕಥೆಯಿಂದ ನಕ್ಷತ್ರವನ್ನು ತೆಗೆದುಕೊಂಡರು, ಕೂಸನ್ನು ಬಿಟ್ಟರು.

ಹಳೆಯ ಹೆಸರುಗಳನ್ನೂ ನೋಡೋಣ. ಫ್ರೆಂಚ್ ನಕ್ಷೆಯ ಮೇಲೆ ಎಚ್‌ಎಎಲ್ ಕಟ್ಟಿದ ಹೆಲಿಕಾಪ್ಟರ್ ಚೇತಕ್. ಅದು ರಾಣಾ ಪ್ರತಾಪನ ಕುದುರೆಯ ಹೆಸರು. ಸೋವಿಯತ್ ದೇಶದಿಂದ ಬಂದ ಎಂಐ-8ಕ್ಕೆ ರಾಣಾ, ಎಂಐ-17ಕ್ಕೆ ಪ್ರತಾಪ್, ದಾಳಿಯ ಎಂಐ-35ಕ್ಕೆ ಅಕ್ಬರ್ ಎಂಬ ಅಡ್ಡಹೆಸರುಗಳು ಬಂದವು. 1576ರ ಹಲ್ದಿಘಾಟಿ ಕದನದಲ್ಲಿ ಕಾದಿದ ಎರಡೂ ಕಡೆಯವರು ಒಂದೇ ಪಡೆಯಲ್ಲಿ ಹಾರಿದರು. ಒಳ್ಳೆಯದೇ. ಆದರೆ ಆ ಕದನದಲ್ಲಿ ರಾಣಾನ ಪಕ್ಕದಲ್ಲಿ ಬಿಲ್ಲು ಹಿಡಿದು ನಿಂತವರು ಭಿಲ್ಲರು. ಮೇವಾಡದ ರಾಜಲಾಂಛನದಲ್ಲಿ ಒಬ್ಬ ಭಿಲ್ಲನ ಚಿತ್ರವಿದೆ. ಹೆಲಿಕಾಪ್ಟರುಗಳ ಪಟ್ಟಿಯಲ್ಲಿ ರಾಜರಿದ್ದಾರೆ, ರಾಜನ ಕುದುರೆ ಇದೆ, ಭಿಲ್ಲ ಇಲ್ಲ.

ಹಾಗಾದರೆ ಸೋತವರ, ತುಳಿಸಿಕೊಂಡವರ ಹೆಸರಿಟ್ಟರೆ ನ್ಯಾಯ ಸಿಕ್ಕಂತೆಯೇ? ಅಮೆರಿಕದ ಸೈನ್ಯ ಅದನ್ನೂ ಮಾಡಿ ನೋಡಿದೆ. ಅಲ್ಲಿಯ ಮೂಲನಿವಾಸಿ ಬುಡಕಟ್ಟುಗಳ ಹೆಸರುಗಳೇ ಅದರ ಹೆಲಿಕಾಪ್ಟರುಗಳಿಗೆ: ಅಪಾಚೆ, ಚಿನೂಕ್, ಲಕೋಟಾ. ಅವುಗಳಲ್ಲಿ 22 ಅಪಾಚೆ, 15 ಚಿನೂಕ್‌ಗಳನ್ನು ನಮ್ಮ ವಾಯುಪಡೆ ಕೊಂಡು 2019ರಿಂದ ಸೇರಿಸಿಕೊಳ್ಳತೊಡಗಿತು. ಅಪಾಚೆ ನಾಯಕ ಜೆರೊನಿಮೊ 1886ರಲ್ಲಿ ಅದೇ ಸೈನ್ಯಕ್ಕೆ ಶರಣಾದ. 1909ರಲ್ಲಿ ಸಾಯುವಾಗಲೂ ಯುದ್ಧಕೈದಿಯಾಗಿಯೇ ಸತ್ತ. ಕೊಲಂಬಿಯಾ ನದಿಯ ಬಾಯಲ್ಲಿ ಬದುಕಿದ ಚಿನೂಕ್ ಜನರಿಗೆ 2001ರಲ್ಲಿ ಒಕ್ಕೂಟ ಸರ್ಕಾರದ ಮಾನ್ಯತೆ ಸಿಕ್ಕಿತು. ಮರುವರ್ಷವೇ ಅದನ್ನು ಕಿತ್ತುಕೊಂಡರು. ಹೆಲಿಕಾಪ್ಟರಿಗೆ ಅವರ ಹೆಸರು ಬೇಕು, ಸರ್ಕಾರದ ಕಾಗದದಲ್ಲಿ ಅವರು ಬೇಡ!

ಕೆಲವು ಕಡೆ ಬುಡಕಟ್ಟಿನ ಹಿರಿಯರೇ ಹರಸಿದ್ದಾರೆ ಎನ್ನುತ್ತಾರೆ. ನಿಜ. 2012ರಲ್ಲಿ ಸ್ಟ್ಯಾಂಡಿಂಗ್ ರಾಕ್ ಎಂಬಲ್ಲಿ ಲಕೋಟಾ ಹಿರಿಯರು ತಮ್ಮ ಹೆಸರು ಹೊತ್ತ ಹೆಲಿಕಾಪ್ಟರುಗಳಿಗೆ ಆಶೀರ್ವಾದ ಮಾಡಿದರು. ಸೈನ್ಯದಲ್ಲಿ ದುಡಿದ ಮಕ್ಕಳ ಮೇಲಿನ ಅಭಿಮಾನ ಅದು; ಅದನ್ನು ಹೀಗಳೆಯಲು ನಾವ್ಯಾರು? ಆದರೆ 2016ರ ನವೆಂಬರಿನಲ್ಲಿ ಅದೇ ಸ್ಟ್ಯಾಂಡಿಂಗ್ ರಾಕ್‌ನ ಜನ ತಮ್ಮ ನದಿಯ ಕೆಳಗೆ ಎಣ್ಣೆಯ ಪೈಪು ಹೂಳಬೇಡಿ ಎಂದು ನಿಂತರು. ಹೆಪ್ಪುಗಟ್ಟುವ ಚಳಿಯ ರಾತ್ರಿ ಪೊಲೀಸರು ಅವರ ಮೇಲೆ ನೀರಿನ ಫಿರಂಗಿ ಬಿಟ್ಟರು. ಹೆಸರನ್ನು ಗೌರವಿಸಿದ ವ್ಯವಸ್ಥೆ ಜನರ ಮಾತನ್ನು ಗೌರವಿಸಲಿಲ್ಲ.

ಈ ಪ್ರಶ್ನೆ ನಮ್ಮ ಅಂಗಳಕ್ಕೂ ಬರುತ್ತದೆ. ನಾಳೆ ಒಂದು ಹೊಸ ಹೆಲಿಕಾಪ್ಟರಿಗೆ 'ಓಬವ್ವ' ಎಂದು ಹೆಸರಿಟ್ಟರೆ? ಛಲವಾದಿ ಜನ ಓಬವ್ವನನ್ನು ತಮ್ಮ ಮಗಳೆಂದು ಎದೆಗೊತ್ತಿಕೊಂಡಿದ್ದಾರೆ. 2021ರಿಂದ ಸರ್ಕಾರವೇ ನವೆಂಬರ್ 11ರಂದು ಆಕೆಯ ಜಯಂತಿ ಮಾಡುತ್ತಿದೆ. ಹೆಣ್ಣುಮಕ್ಕಳ ರಕ್ಷಣೆಗೆಂದು ಪೊಲೀಸರು ಕಟ್ಟಿದ ತಂಡಗಳಿಗೆ 'ಓಬವ್ವ ಪಡೆ' ಎಂಬ ಹೆಸರಿದೆ. ಗೆಳೆಯರು ಕೇಳಬಹುದು: ರಾಜರ ಕುದುರೆಗೆ ಸಿಕ್ಕ ಗೌರವ ನಮ್ಮವ್ವಗ ಯಾಕ ಬ್ಯಾಡ? ಕೇರಿಯ ಹುಡುಗಿ ಆಕಾಶ ನೋಡಿ 'ಅದು ನಮ್ಮಾಕಿ' ಅಂದರೆ ಅದು ಸಣ್ಣ ಮಾತೇ? ಸಣ್ಣದಲ್ಲ. ಆ ಆಸೆಯ ಹಿಂದೆ ಶತಮಾನಗಳ ಹಸಿವಿದೆ.

ಆದರೂ ನಾವು ಬೇಡ ಅನ್ನುತ್ತೇವೆ. ಓಬವ್ವ ಹಿಡಿದದ್ದು ಒನಕೆ, ಧಾನ್ಯ ಕುಟ್ಟುವ ಸಾಮಾನು. ಆಕೆ ತನ್ನ ಕಿಂಡಿಯ ಬಾಯಲ್ಲಿ ನಿಂತು, ಒಳನುಗ್ಗಿದವರ ಮುಖ ನೋಡಿ ಹೊಡೆದಳು. ಯಾಕೆ ಹೊಡೆದೆ ಎಂದು ಕೇಳಿದರೆ ಉತ್ತರ ಆಕೆಯ ಬಳಿ ಇತ್ತು. ಆಕಾಶದ ಯಂತ್ರ ಎಲ್ಲಿಗೆ ಹಾರಬೇಕು, ಯಾರ ಮೇಲೆ ಗುಂಡು ಸುರಿಸಬೇಕು ಎಂದು ತೀರ್ಮಾನಿಸುವ ಕೋಣೆಯಲ್ಲಿ ಓಬವ್ವನ ಮಕ್ಕಳಿಗೆ ಕುರ್ಚಿ ಎಲ್ಲಿದೆ? ಅಲ್ಲಿ ಕುರ್ಚಿ ಕೊಡದೆ ರೆಕ್ಕೆಯ ಮೇಲೆ ಹೆಸರು ಕೊಟ್ಟರೆ, ನಾವು ತೀರ್ಮಾನಿಸದ ಕೊಲೆಗೆ ನಮ್ಮ ತಾಯಿಯ ಸಹಿ ಹಾಕಿಸಿಕೊಂಡಂತೆ. ದೇವರ ಹೆಸರಿಗೂ ಇದೇ ಮಾತು. ರುದ್ರ ಎಂದು ಕರೆದ ಮೇಲೆ ಯಂತ್ರದ ಬೆಲೆಯನ್ನು, ಗುರಿಯನ್ನು, ತಪ್ಪನ್ನು ಪ್ರಶ್ನೆ ಮಾಡುವವನು ದೇವರನ್ನೇ ಪ್ರಶ್ನೆ ಮಾಡಿದವನಂತೆ ಕಾಣುತ್ತಾನೆ.

ಹೆಲಿಕಾಪ್ಟರಿಗೆ ಇನ್ನೊಂದು ಕೆಲಸವೂ ಇದೆ, ಅದನ್ನು ನಮ್ಮ ಸೀಮೆ ಕಂಡಿದೆ. ದೇವದುರ್ಗಕ್ಕೆ ಕೃಷ್ಣೆ, ಮಾನ್ವಿಗೆ ತುಂಗಭದ್ರೆ. 2009ರಲ್ಲಿ ಎರಡೂ ಹೊಳೆ ಉಕ್ಕಿ ಬಂದವು. ಉತ್ತರ ಕರ್ನಾಟಕದ ನೆರೆಯಲ್ಲಿ ಸಿಕ್ಕಿಕೊಂಡವರನ್ನು ಎತ್ತಲು ವಾಯುಪಡೆಯ ಹೆಲಿಕಾಪ್ಟರುಗಳು ಬಂದವು. 2019ರ ಆಗಸ್ಟ್‌ನಲ್ಲಿ ದೇವದುರ್ಗ ತಾಲೂಕಿನ ಹೂವಿನಹೆಡಗಿ ಸೇತುವೆ ಮತ್ತೆ ಮುಳುಗಿತು. ನೀರಿನ ನಡುವೆ ಕೂಸನ್ನು ಹೆಗಲ ಮೇಲೆ ಹೊತ್ತು ನಿಂತವನಿಗೆ ಮೇಲಿಂದ ಬರುವುದು ಚೇತಕ್ಕೋ ಪ್ರತಾಪೋ ಬೇಕಾಗಿಲ್ಲ. ಹಗ್ಗ ಇಳಿಯಿತೇ ಎಂಬುದಷ್ಟೇ ಬೇಕು. ಕೆಲಸ ಸತ್ಯವಾಗಿದ್ದಾಗ ಬಿರುದು ಬೇಕಾಗುವುದಿಲ್ಲ.

ಹೆಸರಿಡುವವರಿಗೆ ನಾವು ಕೇಳುವುದು ಇಷ್ಟೇ. ಯಂತ್ರದ ನೆರಳು ಬೀಳುವ ಜಾಗದಲ್ಲಿ ನಿಂತ ಮನುಷ್ಯ ಆ ಹೆಸರನ್ನು ಅಂಜದೆ, ನಾಚದೆ ಕೂಗಬಲ್ಲನೇ? ಬಲ್ಲನಾದರೆ ಇಡಿ. ಇಲ್ಲವಾದರೆ ಅದಕ್ಕೆ ಅದರ ನಂಬರೇ ಇರಲಿ. ಯುದ್ಧ ಅನಿವಾರ್ಯವಾದರೆ ಅದನ್ನು ಯುದ್ಧವೆಂದೇ ಕರೆಯೋಣ. ಅದಕ್ಕೆ ಪುರಾಣದ ಶಾಲು ಹೊದಿಸುವುದು ಬೇಡ, ನಮ್ಮ ತಾಯಂದಿರ ಸೆರಗನ್ನೂ ಹೊದಿಸುವುದು ಬೇಡ.

ಹಳ್ಳಿಯ ಮಾಸ್ತರರಿಗೆ ಒಂದು ಮಾತು. ಸಾಮಾನ್ಯ ಜ್ಞಾನದ ಪರೀಕ್ಷೆಗೆಂದು 'ಪ್ರಚಂಡ ಎಂದರೇನು?' ಎಂಬ ಪ್ರಶ್ನೆಗೆ ಮಕ್ಕಳಿಂದ ಒಂದು ಸಾಲು ಬಾಯಿಪಾಠ ಮಾಡಿಸುತ್ತೀರಿ. ಅಲ್ಲಿಗೇ ನಿಲ್ಲಿಸಬೇಡಿ. ಅದನ್ನು ಯಾರು ಕಟ್ಟಿದರು, ಎಷ್ಟು ದುಡ್ಡು ಬಿತ್ತು, ಅದು ಏನು ಮಾಡುತ್ತದೆ, ಯಾರಿಗೆ ಮಾಡುತ್ತದೆ ಎಂದು ಹೇಳಿರಿ. ಇಷ್ಟು ತಿಳಿದ ಮೇಲೆ ಮಕ್ಕಳೇ ಅದಕ್ಕೊಂದು ಹೆಸರಿಡಲಿ. ಅವರು ಹೇಳಿದ ಹೆಸರನ್ನು ತಿದ್ದದೆ ಹಲಗೆಯ ಮೇಲೆ ಬರೆಯಿರಿ.