ಬಿಸಿ ಹೊರಹೋಗಲು ಒಂದು ದಾರಿ

ಗಂಡಸರು ಗಾಡಿಯ ಬಾನೆಟ್ ಎತ್ತಿ ನಿಂತರೆ ನಾವು ಹೆಂಗಸರು ಸಾಮಾನ್ಯವಾಗಿ ಒಳಗೆ ಹೋಗಿ ಕಾಫಿಗೆ ನೀರಿಡುತ್ತೇವೆ. ನಾನೂ ಇಷ್ಟು ವರ್ಷ ಹಾಗೆಯೇ ಮಾಡಿದವಳು. ಆದರೆ ಬೇಸಿಗೆ ರಜೆಯಲ್ಲಿ ಅಮೆರಿಕದ ಡೆನ್ವರಿನಲ್ಲಿರುವ ಮಗನ ಮನೆಗೆ ಹೋಗಿದ್ದಾಗ, ಒಂದು ಭಾನುವಾರ ಬೆಳಗ್ಗೆಯೆಲ್ಲ ಒಂಬತ್ತು ತಿಂಗಳ ಮೊಮ್ಮಗನನ್ನು ಸೊಂಟದ ಮೇಲೆ ಕೂರಿಸಿಕೊಂಡು ಅವನ ಪಿಕಪ್ ಗಾಡಿಯ ಮುಂದೆ ನಿಂತುಬಿಟ್ಟೆ.

ಮಗ ಹಳೆಯದೊಂದು ಪಿಕಪ್ ಕೊಂಡಿದ್ದ. ಅದರ ಹಿಂದೆ ಪುಟ್ಟ ಮನೆಯಂಥ ಟ್ರೇಲರ್ ಕಟ್ಟಿಕೊಂಡು ಬೆಟ್ಟದಾಚೆಗೆ ಹೋಗಬೇಕೆಂದು ಅವನಿಗೆ ಆಸೆ. ಡೆನ್ವರ್ ಊರೇ 5,280 ಅಡಿ ಎತ್ತರದಲ್ಲಿದೆ. ಅಲ್ಲಿಂದ ಪಶ್ಚಿಮಕ್ಕೆ ಹೊರಟ ಹೆದ್ದಾರಿ ಏರುತ್ತ ಏರುತ್ತ 11 ಸಾವಿರ ಅಡಿಗೂ ಮೇಲಿರುವ ಐಸೆನ್‌ಹೋವರ್ ಸುರಂಗ ಹೊಕ್ಕು ಆಚೆಗೆ ಇಳಿಯುತ್ತದೆ.

“ಭಾರ ಎಳೆದುಕೊಂಡು ಆ ಏರು ಹತ್ತಬೇಕಾದರೆ ಗಿಯರ್ ಬಾಕ್ಸಿಗೆ ಇನ್ನೊಂದು ಕೂಲರ್ ಬೇಕಮ್ಮ” ಎಂದ.

“ರೇಡಿಯೇಟರ್ ಇದೆಯಲ್ಲೋ, ಸಾಲದೇ?” ಎಂದೆ. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಬಸ್ಸು ನಿಲ್ಲಿಸಿ, ಹಬೆಯಾಡುವ ರೇಡಿಯೇಟರಿಗೆ ಡ್ರೈವರು ನೀರು ಹೊಯ್ಯುತ್ತಿದ್ದುದನ್ನು ಚಿಕ್ಕಂದಿನಲ್ಲಿ ನೋಡಿದವಳು ನಾನು. ನನಗೆ ಗೊತ್ತಿದ್ದ ಯಂತ್ರಶಾಸ್ತ್ರ ಅಷ್ಟೇ.

ಅವನು ಕೈಗೆ ಗ್ರೀಸ್ ಮೆತ್ತಿಕೊಂಡೇ ನನಗೆ ಪಾಠ ಹೇಳಿದ. ಆಟೋಮ್ಯಾಟಿಕ್ ಗಾಡಿಯಲ್ಲಿ ಕ್ಲಚ್ ಪೆಡಲ್ ಇಲ್ಲ. ಎಂಜಿನ್ನಿನ ಬಲವನ್ನು ಗಿಯರಿಗೆ ಮುಟ್ಟಿಸುವುದು ಒಂದು ಕೆಂಪು ಎಣ್ಣೆ. ಭಾರ ಹೆಚ್ಚಾದಷ್ಟೂ ಆ ಬಲದಲ್ಲಿ ಒಂದಂಶ ಎಣ್ಣೆಯಲ್ಲೇ ಬಿಸಿಯಾಗಿ ಉಳಿಯುತ್ತದೆ. ಎಣ್ಣೆ ರೇಡಿಯೇಟರಿನ ಒಳಗೊಂದು ಸುತ್ತು ಹಾಕಿ ತಣಿಯುತ್ತದೆ, ನಿಜ. ಆದರೆ ಅಲ್ಲಿರುವ ನೀರೇ ಸುಡುಸುಡು, ಅದು ಎಷ್ಟೆಂದು ತಣಿಸೀತು? ಆದ್ದರಿಂದ ಗಾಳಿ ಮೊದಲು ಬಡಿಯುವ ಜಾಗದಲ್ಲಿ, ರೇಡಿಯೇಟರಿನ ಮುಂದುಗಡೆ, ಹಾಜರಿ ಪುಸ್ತಕದಷ್ಟು ದೊಡ್ಡ ಅಲ್ಯೂಮಿನಿಯಂ ಜಾಲರಿಯೊಂದನ್ನು ಕೂರಿಸುತ್ತಾರೆ. ರೇಡಿಯೇಟರಿನಿಂದ ಬಂದ ಎಣ್ಣೆ ರಬ್ಬರ್ ಕೊಳವೆಯಲ್ಲಿ ಈ ಜಾಲರಿಗೆ ಹೋಗಿ, ಗಾಳಿಗೆ ಮೈಯೊಡ್ಡಿ, ಮತ್ತೆ ಗಿಯರ್ ಬಾಕ್ಸಿಗೆ ಮರಳುತ್ತದೆ.

“ಬಿಸಿಯಾದರೆ ಮುಂದಿನ ಮುಳ್ಳು ತೋರಿಸುವುದಿಲ್ಲವೇ?”

“ಅದು ಎಂಜಿನ್ನಿನ ಮುಳ್ಳಮ್ಮ. ಈ ಗಾಡಿಯಲ್ಲಿ ಗಿಯರ್ ಎಣ್ಣೆಗೆ ಮುಳ್ಳೇ ಇಲ್ಲ. ಇದು ನಡುವೆ ನಿಂತೇ ಇರುತ್ತೆ, ಅಲ್ಲಿ ಎಣ್ಣೆ ಸೀದು ಕಂದಾಗ್ತಿರುತ್ತೆ.”

ಆ ಮಾತು ನನ್ನನ್ನು ಚುಚ್ಚಿತು. ಏಕೆಂದರೆ ಹಿಂದಿನ ದಿನವಷ್ಟೇ ನಾನು ಮಗನ ಹತ್ತಿರ ಸೊಸೆಯ ಮೇಲೆ ದೂರು ಹೇಳಿದ್ದೆ. ಅವಳು ಆಸ್ಪತ್ರೆಯಲ್ಲಿ ನರ್ಸು. ಒಂದೊಂದು ಪಾಳಿ ಹನ್ನೆರಡು ಗಂಟೆ. ರಾತ್ರಿ ಮನೆಯ ಮುಂದೆ ಕಾರು ನಿಲ್ಲಿಸಿದವಳು ಒಳಗೆ ಬರುವುದಿಲ್ಲ. ದೀಪ ಆರಿಸಿ ಹದಿನೈದು ಇಪ್ಪತ್ತು ನಿಮಿಷ ಕಾರಿನಲ್ಲೇ ಕೂತಿರುತ್ತಾಳೆ. ಕಿಟಕಿಯಿಂದ ನೋಡಿ ನನಗೆ ಸಿಟ್ಟು. “ಒಳಗೆ ಮಗು ಅಮ್ಮನಿಗಾಗಿ ಅಳುತ್ತಿದೆ, ಇವಳಿಗೆ ಕಾರಿನಲ್ಲೇನು ಕೆಲಸ?” ಎಂದಿದ್ದೆ. ಮಗ ಉತ್ತರ ಕೊಟ್ಟಿರಲಿಲ್ಲ. ಮನೆಗೆ ಬಂದಾಗ ಅವಳ ಮುಖದಲ್ಲಿ ಯಾವಾಗಲೂ ನಗುವೇ. ನಾನು ನೋಡುತ್ತಿದ್ದುದು ಆ ಮುಳ್ಳನ್ನು.

ಆಗ ನನಗೆ ನೆನಪಾದದ್ದು ನನ್ನ ಅಮ್ಮ. ಹನ್ನೊಂದು ಜನರ ಮನೆ. ಸಂಜೆ ಹಿತ್ತಲ ಬಾವಿಗೆ ಹೋದರೆ ಬೇಗ ಬರುತ್ತಿರಲಿಲ್ಲ. “ಒಂದು ಕೊಡ ನೀರು ಸೇದಲು ಇಷ್ಟು ಹೊತ್ತೇ?” ಎಂದು ಅಜ್ಜಿ ಗದರುತ್ತಿದ್ದರು. ನಾನೂ ಅಜ್ಜಿಯ ಪಕ್ಷವೇ, ನನಗೆ ಹಸಿವು. ಮುಂದೆ ಮನೆಗೆ ನಲ್ಲಿ ಬಂತು, ಬಾವಿಗೆ ಮುಚ್ಚಳ ಬಿತ್ತು. ಅಮ್ಮನಿಗೆ ಅನುಕೂಲವಾಯಿತೆಂದು ಎಲ್ಲರೂ ಸಂತೋಷಪಟ್ಟೆವು. ಆಮೇಲೆ ಅವಳು ಸಣ್ಣಪುಟ್ಟದಕ್ಕೂ ರೇಗತೊಡಗಿದಳು. ವಯಸ್ಸಾಯಿತು ಎಂದುಕೊಂಡೆವು. ನಲ್ಲಿ ಅವಳಿಂದ ಏನನ್ನು ಕಿತ್ತುಕೊಂಡಿತ್ತೆಂದು ಯಾರೂ ಯೋಚಿಸಲಿಲ್ಲ.

ತಾಳ್ಮೆಯೇ ಹೆಣ್ಣಿಗೆ ಭೂಷಣವೆಂದು ನಾನೇ ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಈಗ ಆ ಮಾತು ಗಂಟಲಲ್ಲಿ ತಡೆಯುತ್ತದೆ. ಬಿಸಿಯನ್ನು ಒಳಗೇ ಇಟ್ಟುಕೊಳ್ಳುವುದು ತಾಳ್ಮೆಯೇ? ಹಾಗೆ ಇಟ್ಟುಕೊಂಡ ಎಣ್ಣೆ ಬಹಳ ದಿನ ಬಾಳುವುದಿಲ್ಲ, ಎಳೆಯುವ ಶಕ್ತಿಯೂ ಉಳಿಯುವುದಿಲ್ಲ. ಹಾಗಾದರೆ ಹೊರೆ ಇಳಿಸಿ ಹೊರಟುಬಿಡಬಹುದೇ ಎಂದು ನೀವು ಕೇಳಬಹುದು. ಅದೂ ಅಲ್ಲ. ಕೂಲರಿಗೆ ಹೋದ ಎಣ್ಣೆ ಹಿಂದಿರುಗಿ ತನ್ನ ಕೆಲಸಕ್ಕೇ ನಿಲ್ಲುತ್ತದೆ. ಹಿಂದಿರುಗದೆ ಹೋದರೆ ಅದು ಸೋರಿಕೆ. ಸೊಸೆಯ ಇಪ್ಪತ್ತು ನಿಮಿಷವನ್ನು ನಾನು ಮಗುವಿನಿಂದ ಕದ್ದ ಹೊತ್ತು ಎಂದು ಲೆಕ್ಕ ಹಾಕಿದ್ದೆ. ಅದು ಮಗುವಿಗಾಗಿಯೇ ಮೀಸಲಿಟ್ಟ ಹೊತ್ತಾಗಿತ್ತು.

ಇನ್ನೊಂದು ವಿಷಯವನ್ನೂ ಮಗ ಹೇಳಿದ. ಎಣ್ಣೆ ಅತಿಯಾಗಿ ತಣ್ಣಗಾದರೂ ದಪ್ಪಗಾಗಿ ಕೆಲಸ ಕೆಡುತ್ತದಂತೆ. ಆ ಊರಿನ ಚಳಿಗಾಲಕ್ಕೆಂದು, ಎಣ್ಣೆ ಬೆಚ್ಚಗಾಗುವವರೆಗೆ ಕೂಲರಿಗೆ ಹೋಗದಂತೆ ತಡೆಯುವ ಒಂದು ಕವಾಟವನ್ನೂ ಅವನು ಹಾಕಿದ್ದ. ಯಾವುದೂ ತಟ್ಟದಷ್ಟು ತಣ್ಣಗಿರುವುದು ದೊಡ್ಡ ಗುಣವೇನಲ್ಲ ಎಂದು ನನಗಂತೂ ಸಮಾಧಾನವಾಯಿತು, ನಾನು ಸ್ವಲ್ಪ ಬಿಸಿ ಸ್ವಭಾವದವಳೇ.

ಮಧ್ಯಾಹ್ನ ಕೊಳವೆಗಳ ಕ್ಲ್ಯಾಂಪ್ ಬಿಗಿದು, ಎಂಜಿನ್ ಓಡಿಸಿ, ಎಲ್ಲೂ ಸೋರುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಎಣ್ಣೆಯ ಮಟ್ಟ ಅಳೆದು ಮಗ ಬಾನೆಟ್ ಮುಚ್ಚಿದ. ಮರುದಿನ ರಾತ್ರಿ ಸೊಸೆಯ ಕಾರು ಬಂದು ನಿಂತಿತು, ದೀಪ ಆರಿತು. ಬಿಸಿ ಕಾಫಿ ಒಯ್ದು ಕೊಡೋಣವೆಂದು ಒಂದು ಹೆಜ್ಜೆ ಇಟ್ಟೆ. ಮತ್ತೆ, ಬೇಡ, ಅದೂ ಒಂದು ಹೊರೆಯೇ ಎನಿಸಿತು. ಮಗುವನ್ನೆತ್ತಿಕೊಂಡು ಅಳು ಕೇಳಿಸದ ಹಿಂದಿನ ಕೋಣೆಗೆ ಹೋಗಿ, ಬಾಗಿಲು ಮುಂದೆ ಮಾಡಿಕೊಂಡು ಕೂತೆ.