ತಡೆದ ಪತ್ರ, ತಂದ ಪತ್ರ

ಜೀವನು ಪಾಪಕ್ಕೆ ಪಾತ್ರನಾಗುವ ದಾರಿಗಳನ್ನು ಎಣಿಸುವಾಗ ಉಮಾಸ್ವಾಮಿ ಆಚಾರ್ಯರು ಮೂರನ್ನು ಒಂದೇ ಉಸಿರಿನಲ್ಲಿ ಹೇಳುತ್ತಾರೆ: ತಾನೇ ಮಾಡುವುದು, ಇತರರಿಂದ ಮಾಡಿಸುವುದು, ಮಾಡಿದವರನ್ನು ಅನುಮೋದಿಸುವುದು. ಮೊದಲಿನ ಎರಡನ್ನು ಶ್ರಾವಕರು ಸುಲಭವಾಗಿ ಒಪ್ಪಿಕೊಳ್ಳುತ್ತಾರೆ. ಮೂರನೆಯದು ಮಾತ್ರ ಸಾಮಾನ್ಯವಾಗಿ ಮರೆತು ಹೋಗುತ್ತದೆ. ಕೈಯಾಡದೆ, ಬಾಯಾಡದೆ, ಮನೆಯ ಚಾಪೆಯ ಮೇಲೆ ಕುಳಿತು ಕಥೆಯೊಂದನ್ನು ನೋಡಿ ಮನಸ್ಸಿನಲ್ಲೇ "ಭೇಷ್" ಎನ್ನುವವನಿಗೂ ಅದರಲ್ಲಿ ಒಂದು ಪಾಲು ಇದೆಯೆಂಬುದು ಆ ಮೂರನೆಯ ಮಾತಿನ ತಾತ್ಪರ್ಯ. ಹಾಗಿರುವಾಗ ಪ್ರೇಕ್ಷಕನು ಏನನ್ನು ಮೆಚ್ಚುತ್ತಾನೆ, ಏಕೆ ಮೆಚ್ಚುತ್ತಾನೆ ಎಂಬುದು ಕೇವಲ ಅಭಿರುಚಿಯ ಪ್ರಶ್ನೆಯಾಗಿ ಉಳಿಯದೆ ಆಚಾರದ ಪ್ರಶ್ನೆಯೂ ಆಗುತ್ತದೆ.

ಇದಕ್ಕೆ ಒಳ್ಳೆಯ ನಿದರ್ಶನವೊಂದು ಕನ್ನಡ ನಾಡಿನ ಮನೆಮನೆಗೂ ಪರಿಚಿತವಾದ ದೂರದರ್ಶನ ಮಾಲಿಕೆಯಲ್ಲಿದೆ. ಆರ್. ಕೆ. ನಾರಾಯಣರ ಕಥೆಗಳನ್ನು ಆಧರಿಸಿ ಶಂಕರನಾಗ್ ಅವರು ಆಗುಂಬೆಯಲ್ಲಿ ಚಿತ್ರೀಕರಿಸಿದ 'ಮಾಲ್ಗುಡಿ ಡೇಸ್' 1986ರಲ್ಲಿ ಪ್ರಸಾರವಾಗತೊಡಗಿತು. ಶಂಕರನಾಗ್ 1990ರ ಸೆಪ್ಟೆಂಬರ್ 30ರಂದು ಅಪಘಾತದಲ್ಲಿ ತೀರಿಕೊಂಡರೂ ಆ ಮಾಲಿಕೆಯ ಮೇಲಿನ ಜನರ ಪ್ರೀತಿ ಕುಂದಲಿಲ್ಲ. ಅದರ ಕಂತುಗಳಲ್ಲಿ 'ದಿ ಮಿಸ್ಸಿಂಗ್ ಮೇಲ್' ಎಂಬುದು ಅಂಚೆಯವನೊಬ್ಬನ ಕಥೆ. ಅವನ ನಿತ್ಯದ ಉದ್ಯೋಗವೇ ಅದರ ರಂಗಸ್ಥಳ. ಪತ್ರ ಕೊಡಲು ಬಂದವನು ಪ್ರತಿ ಬಾಗಿಲಲ್ಲೂ ನಿಂತು ಮಾತಿಗೆ ತೊಡಗಿ, ಬೇಗ ಮುಗಿಯಬೇಕಾದ ಸುತ್ತನ್ನು ದಿನವೆಲ್ಲ ಎಳೆಯುವುದೇ ಅದರ ನಗೆ.

ತಾನಪ್ಪನೆಂಬ ಆ ಅಂಚೆಯವನು ರಾಮಾನುಜಂ ಎಂಬ ಗೃಹಸ್ಥನ ಮನೆಗೆ ಬಹುಕಾಲದಿಂದ ಪತ್ರ ತರುತ್ತಿದ್ದವನು. ಆ ಮನೆಯ ಮಗಳು ಕಾಮಾಕ್ಷಿ ಬೆಳೆದದ್ದನ್ನು ಕಂಡವನು. ಅವಳಿಗೆ ತಕ್ಕ ವರ ಸಿಗುವುದರಲ್ಲೂ ಅವನ ಕೈಯಿದೆ. ವರನು ತರಬೇತಿಗಾಗಿ ಹೊರಡಬೇಕಾಗಿರುವುದರಿಂದ ಮುಹೂರ್ತ ತಪ್ಪಿದರೆ ವರ್ಷಗಟ್ಟಲೆ ಕಾಯಬೇಕು. ಮದುವೆ ತೀರ ಸಮೀಪಿಸಿದಾಗ ರಾಮಾನುಜಂಗೆ ಒಂದು ಕಾರ್ಡು ಬರುತ್ತದೆ: ಅವನ ತಂದೆಯ ಸೋದರನು ಮರಣಶಯ್ಯೆಯಲ್ಲಿದ್ದಾನೆ. ಹಿಂದೆಯೇ ಸಾವಿನ ತಂತಿಯೂ ಬರುತ್ತದೆ. ತಾನಪ್ಪ ಎರಡನ್ನೂ ತಡೆಹಿಡಿಯುತ್ತಾನೆ. ಮದುವೆ ನಿರ್ವಿಘ್ನವಾಗಿ ನಡೆಯುತ್ತದೆ. ಕೆಲವು ದಿನಗಳ ಮೇಲೆ ಅವನೇ ಆ ಕಾರ್ಡನ್ನೂ ತಂತಿಯನ್ನೂ ತಂದು ಕೊಟ್ಟು, ಬೇಕಾದರೆ ಮೇಲಿನವರಿಗೆ ದೂರು ಕೊಡಬಹುದು, ಕೆಲಸ ಹೋಗುತ್ತದೆ ಎಂದು ತಿಳಿಸುತ್ತಾನೆ. ರಾಮಾನುಜಂ ದೂರು ಕೊಡುವುದಿಲ್ಲ; ಹೀಗೆ ಮಾಡಿದೆಯಲ್ಲ ಎಂದು ನೊಂದುಕೊಳ್ಳುತ್ತಾನೆ, ಅಷ್ಟೇ.

ಈ ಕಂತನ್ನು ನೆನೆಯುವವರು ಸಾಮಾನ್ಯವಾಗಿ ಕಣ್ಣು ಒದ್ದೆ ಮಾಡಿಕೊಂಡು ಒಂದೇ ಮಾತು ಹೇಳುತ್ತಾರೆ: ಅಂಥ ಅಂಚೆಯವರು ಈಗೆಲ್ಲಿ? ಈ ಮೆಚ್ಚುಗೆಗೆ ಕಾರಣವೂ ಇದೆ. ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರದಂತಹ ಹೋಬಳಿಯ ಊರುಗಳನ್ನು ನೆನೆದುಕೊಳ್ಳಬಹುದು. ಓದು ಬಾರದವರು ಬಹುಮಂದಿ ಇದ್ದ ಕಾಲದಲ್ಲಿ ಹಳ್ಳಿಗಳ ಅಂಚೆಯವನು ಕಾಗದವನ್ನು ತಂದುಕೊಡುವುದರ ಜೊತೆಗೆ ಓದಿಯೂ ಹೇಳುತ್ತಿದ್ದ, ಉತ್ತರವನ್ನೂ ಬರೆದುಕೊಡುತ್ತಿದ್ದ. ಮಗ ಪಟ್ಟಣದಲ್ಲಿ ಕೆಲಸಕ್ಕೆ ಸೇರಿದ್ದು, ಮಗಳು ಹೆತ್ತದ್ದು, ಬಂಧುವೊಬ್ಬ ತೀರಿಕೊಂಡದ್ದು, ಎಲ್ಲವೂ ಮನೆಯವರಿಗಿಂತ ಮೊದಲು ಅವನಿಗೇ ತಿಳಿಯುತ್ತಿತ್ತು. ಅವನ ಮುಖವನ್ನು ನೋಡಿಯೇ ಸುದ್ದಿ ಒಳ್ಳೆಯದೋ ಕೆಟ್ಟದ್ದೋ ಎಂದು ಊಹಿಸುವ ಮುದುಕಿಯರಿದ್ದರು. ತಂತಿಯ ಸೇವೆ 2013ರ ಜುಲೈ ತಿಂಗಳಿನಲ್ಲಿ ನಿಂತು ಹೋಯಿತು. ಆದರೆ ತಂತಿಯೆಂದರೆ ಎದೆ ನಡುಗುತ್ತಿದ್ದ ನೆನಪು ಹಿರಿಯರಲ್ಲಿ ಇನ್ನೂ ಉಳಿದಿದೆ.

ಇಷ್ಟು ತಿಳಿದವನ ಕೈಯಲ್ಲಿ ಇಷ್ಟು ಶಕ್ತಿಯೂ ಇರುತ್ತದೆ. ಮೈಸೂರು ಸೀಮೆಯಲ್ಲಿ ಅಂಚೆಯ ವ್ಯವಸ್ಥೆಯನ್ನು ಕಟ್ಟಿದವನು 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು. ಆ ಅಂಚೆಯವರು ಪತ್ರ ಸಾಗಿಸುವುದರೊಡನೆ ಊರೂರಿನ ಗುಟ್ಟನ್ನು ಅರಸನಿಗೆ ಮುಟ್ಟಿಸುತ್ತಲೂ ಇದ್ದರೆಂದು ಇತಿಹಾಸಕಾರರು ಬರೆದಿದ್ದಾರೆ. 1889ರಲ್ಲಿ ಮೈಸೂರಿನ ಅಂಚೆಯು ಬ್ರಿಟಿಷ್ ಭಾರತದ ಅಂಚೆಯೊಡನೆ ಸೇರಿತು. 1898ರ ಅಂಚೆ ಕಾನೂನಂತೂ ಪತ್ರವನ್ನು ಅಡಗಿಸಿಡುವ ನೌಕರನಿಗೆ ಏಳು ವರ್ಷಗಳವರೆಗೆ ಸೆರೆವಾಸವನ್ನು ವಿಧಿಸಿತ್ತು. ಇಷ್ಟು ಕಠಿಣವಾದ ಶಿಕ್ಷೆ ಏಕೆ? ಮೊಹರು ಬಿದ್ದ ಕಾಗದವು ಕಳುಹಿಸಿದವನದೂ ಅಲ್ಲ, ಒಯ್ಯುವವನದೂ ಅಲ್ಲ, ಯಾರ ಹೆಸರು ಅದರ ಮೇಲಿದೆಯೋ ಅವನದು. ಒಯ್ಯುವವನ ಕೈಯಲ್ಲಿ ಅದೊಂದು ನ್ಯಾಸ, ಒಂದು ಅಡವು.

ಜೈನಾಚಾರ್ಯರು ಇದನ್ನು ಇನ್ನೂ ಸೂಕ್ಷ್ಮವಾಗಿ ಕಂಡಿದ್ದಾರೆ. ಇಟ್ಟ ನ್ಯಾಸವನ್ನು ಮರಳಿ ಕೊಡುವಾಗ ಕುಂದು ಮಾಡುವುದನ್ನು, ಅಂದರೆ ನ್ಯಾಸಾಪಹಾರವನ್ನು, ತತ್ತ್ವಾರ್ಥಸೂತ್ರವು ಅಚೌರ್ಯದ ಅತಿಚಾರಗಳಲ್ಲಿ ಸೇರಿಸದೆ ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಎಣಿಸಿದೆ. ಪರರದನ್ನು ತನ್ನಲ್ಲಿಟ್ಟುಕೊಂಡು ಸುಮ್ಮನಿರುವುದು ಮೊದಲು ಸುಳ್ಳು, ಆಮೇಲೆ ಕಳವು ಎಂಬುದು ಆ ಎಣಿಕೆಯ ಧ್ವನಿಯಾಗಿರಬಹುದು. ತಾನಪ್ಪನು ಒಂದು ಸುಳ್ಳನ್ನೂ ಆಡಲಿಲ್ಲ. ಮದುವೆಯ ಮನೆಗೆ ಬಂದು ಸಂತೋಷದಲ್ಲಿ ಪಾಲುಗೊಂಡನು. ಆದರೆ ಅವನ ಚೀಲದಲ್ಲಿದ್ದ ಕಾರ್ಡು ಅವನ ಪರವಾಗಿ ಸುಳ್ಳನ್ನು ಆಡುತ್ತಲೇ ಇತ್ತು.

ಇಲ್ಲಿ ತಾನಪ್ಪನನ್ನು ಮೆಚ್ಚುವವರು ಸುಮ್ಮನಿರುವುದಿಲ್ಲ. ಅವರಲ್ಲಿಯೂ ಶಾಸ್ತ್ರದ ಆಧಾರವಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ, ಸ್ಥೂಲವಾದ ಅಸತ್ಯವನ್ನು ತಾನು ನುಡಿಯದಿರುವುದರ ಜೊತೆಗೆ, ವಿಪತ್ತಿಗೆ ಕಾರಣವಾಗುವ ಸತ್ಯವನ್ನೂ ನುಡಿಯದಿರುವುದನ್ನು ಸತ್ಯಾಣುವ್ರತದ ಲಕ್ಷಣವಾಗಿ ಹೇಳಿದ್ದಾರೆ. ಜಿಂಕೆ ಯಾವ ಕಡೆಗೆ ಓಡಿತೆಂದು ಬೇಟೆಗಾರನು ಕೇಳಿದಾಗ ಮುನಿಯು ಮೌನವಾಗಿರುವ ದೃಷ್ಟಾಂತವನ್ನು ಪ್ರವಚನಗಳಲ್ಲಿ ಕೇಳದ ಶ್ರಾವಕನಿಲ್ಲ. ಒಂದು ಜೀವದ ಉಳಿವಿಗಾಗಿ ಮುನಿಯೇ ಸುದ್ದಿಯನ್ನು ತಡೆಯಬಹುದಾದರೆ, ಒಬ್ಬ ಹೆಣ್ಣುಮಗಳ ಬಾಳಿಗಾಗಿ ಅಂಚೆಯವನು ತಡೆದದ್ದು ತಪ್ಪೇ?

ಈ ಪ್ರಶ್ನೆ ಲಘುವಾದುದಲ್ಲ. ಆದರೆ ಎರಡು ಸಂದರ್ಭಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಅಂತರವು ಕಾಣುತ್ತದೆ. ಬೇಟೆಗಾರನಿಗೆ ಜಿಂಕೆಯ ದಾರಿಯನ್ನು ತಿಳಿಯುವ ಹಕ್ಕಿಲ್ಲ. ಅವನಿಗೆ ಅದು ಬೇಕಾಗಿರುವುದು ಕೊಲ್ಲುವುದಕ್ಕೆ. ರಾಮಾನುಜಂ ಯಾರನ್ನೂ ಕೊಲ್ಲಹೊರಟವನಲ್ಲ. ಸಾಯುತ್ತಿದ್ದವನು ಅವನದೇ ರಕ್ತಸಂಬಂಧಿ. ಸುದ್ದಿ ಬಂದದ್ದು ಅವನದೇ ಹೆಸರಿಗೆ. ತಿಳಿದಿದ್ದರೆ ಅವನು ಮದುವೆಯನ್ನು ನಿಲ್ಲಿಸುತ್ತಿದ್ದನೇ, ಹಿರಿಯರನ್ನು ಕೇಳಿ ನಡೆಸುತ್ತಿದ್ದನೇ, ಕಡೆಯ ದರ್ಶನಕ್ಕೆ ಧಾವಿಸಿ ಬೇರೊಬ್ಬರಿಗೆ ಕನ್ಯಾದಾನವನ್ನು ವಹಿಸುತ್ತಿದ್ದನೇ, ಯಾರಿಗೂ ಗೊತ್ತಿಲ್ಲ. ಆ ನಿರ್ಣಯವು ಅವನದಾಗಿತ್ತು. ಅದನ್ನು ತಾನಪ್ಪನು ಅವನಿಂದ ಕಿತ್ತುಕೊಂಡನು. ಪ್ರೀತಿಯಿಂದಲೇ ಕಿತ್ತುಕೊಂಡನು ಎಂಬುದು ನಿಜ. ಕಿತ್ತುಕೊಂಡನು ಎಂಬುದೂ ಅಷ್ಟೇ ನಿಜ.

ಉದ್ದೇಶವು ಒಳ್ಳೆಯದಾಗಿತ್ತಲ್ಲವೇ ಎಂಬುದು ಮುಂದಿನ ಸಮಾಧಾನ. ಉದ್ದೇಶದ ಮಹತ್ವವನ್ನು ಜೈನರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಜನ್ನನ ಯಶೋಧರ ಚರಿತೆಯಲ್ಲಿ ಬಲಿಯಾದದ್ದು ಹಿಟ್ಟಿನ ಕೋಳಿ. ಆದರೂ ಸಂಕಲ್ಪದ ಪಾಪವು ತಾಯಿ ಮಗನನ್ನು ಭವಭವಗಳಲ್ಲಿ ಅಲೆಸಿತು. ಹಾಗೆಂದ ಮೇಲೆ ತಾನಪ್ಪನ ಸಂಕಲ್ಪವನ್ನೂ ಬಿಡಿಸಿ ನೋಡಬೇಕು. ಅವನಲ್ಲಿದ್ದದ್ದು ಕರುಣೆಯೋ, ರಾಗವೋ? ಕರುಣೆಯು ಎಲ್ಲ ಜೀವಗಳ ಕಡೆಗೆ ಹರಿಯುವಂಥದು. ರಾಗವು ತನ್ನವರೆಂದು ತಿಳಿದ ಕಡೆಗೆ ಮಾತ್ರ ಹರಿಯುತ್ತದೆ. ಕಾಮಾಕ್ಷಿಯನ್ನು ಕಂಡು ಕರಗಿದ ಮನಸ್ಸಿಗೆ ದೂರದಲ್ಲಿ ಹಾಸಿಗೆ ಹಿಡಿದು ಮಲಗಿದ್ದ ವೃದ್ಧನು ನೆನಪಾಗಲಿಲ್ಲ. ಆ ಕಾರ್ಡನ್ನು ಬರೆಸಿದವರು ಅಣ್ಣನ ಮಗನೋ ತಮ್ಮನ ಮಗನೋ ಬಂದಾನೆಂದು ಬಾಗಿಲ ಕಡೆಗೆ ನೋಡುತ್ತಿದ್ದರಲ್ಲವೇ? ಪ್ರೇಕ್ಷಕನಿಗೂ ಆ ಬಾಗಿಲು ಕಾಣುವುದಿಲ್ಲ. ಅವನಿಗೆ ತೋರಿಸಿದ್ದು ಮದುವೆಯ ಚಪ್ಪರವನ್ನು ಮಾತ್ರ. ರಾಗಾದಿಗಳು ಹುಟ್ಟದಿರುವುದೇ ಅಹಿಂಸೆಯೆಂದು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಹೇಳಿದ ಮಾತಿನ ಬಿಗಿಯು ಇಂಥ ಕಡೆ ಅರಿವಾಗುತ್ತದೆ.

ಹಾಗಾದರೆ ಈ ಕಂತನ್ನು ಮೆಚ್ಚಬಾರದೇ? ಮೆಚ್ಚಬೇಕು. ಆದರೆ ಮೆಚ್ಚಬೇಕಾದ ಸ್ಥಳವು ಬೇರೆ. ಜನರ ಪ್ರೀತಿಯು ಪತ್ರವನ್ನು ತಡೆದ ತಾನಪ್ಪನ ಮೇಲೆ ನಿಂತುಬಿಡುತ್ತದೆ. ಪತ್ರವನ್ನು ತಂದ ತಾನಪ್ಪನು ಅವನಿಗಿಂತ ದೊಡ್ಡವನು. ಆ ಕಾರ್ಡನ್ನು ಹರಿದು ಬಿಸಾಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅಂಚೆಯಲ್ಲಿ ಕಾಗದಗಳು ಕಳೆದುಹೋಗುವುದುಂಟು. ಅವನ ಕೆಲಸ ಉಳಿಯುತ್ತಿತ್ತು. ಆ ಮನೆಯ ವಿಶ್ವಾಸವೂ ಉಳಿಯುತ್ತಿತ್ತು. ಆದರೂ ಅವನು ಬಂದನು. ಯಾರಿಗೆ ಅನ್ಯಾಯವಾಗಿತ್ತೋ ಅವನ ಎದುರಿಗೇ ನಿಂತನು, ತಪ್ಪಿಗೆ ಯಾವ ಶಿಕ್ಷೆಯಿದೆಯೆಂಬುದನ್ನೂ ತಾನೇ ಹೇಳಿದನು, ಶಿಕ್ಷಿಸುವ ಅಧಿಕಾರವನ್ನು ಅವನ ಕೈಗೇ ಕೊಟ್ಟನು.

ಪ್ರಾಯಶ್ಚಿತ್ತದ ಒಂಬತ್ತು ಭೇದಗಳಲ್ಲಿ ಮೊದಲನೆಯದು ಆಲೋಚನೆ, ಅಂದರೆ ಮಾಡಿದ ದೋಷವನ್ನು ಮರೆಮಾಚದೆ ನಿವೇದಿಸಿಕೊಳ್ಳುವುದು. ಭಗವತೀ ಆರಾಧನೆಯು ಆಲೋಚನೆಯ ಹತ್ತು ದೋಷಗಳನ್ನು ಹೇಳುವಾಗ, ಇತರರ ಕಣ್ಣಿಗೆ ಬಿದ್ದ ತಪ್ಪನ್ನು ಮಾತ್ರ ಒಪ್ಪಿಕೊಂಡು ಕಾಣದುದನ್ನು ಬಚ್ಚಿಡುವುದನ್ನೂ ಒಂದು ದೋಷವೆಂದು ಎಣಿಸಿದೆ. ತಾನಪ್ಪನು ಒಪ್ಪಿಕೊಂಡದ್ದು ಯಾರೂ ಕಾಣದ ತಪ್ಪನ್ನು. ಶಾಸ್ತ್ರವನ್ನು ಓದದವನು ಶಾಸ್ತ್ರದ ಕಠಿಣವಾದ ಪಾಠವನ್ನು ನಡೆದು ತೋರಿಸಿದನು. ಅನುಮೋದನೆಗೆ ಯೋಗ್ಯವಾದದ್ದು ಇದು. ರಾಮಾನುಜಂನ ಕ್ಷಮೆಯೂ ಈ ಬೆಳಕಿನಲ್ಲಿ ಸ್ಪಷ್ಟವಾಗುತ್ತದೆ. ಅವನು ದೂರು ಕೊಡಲಿಲ್ಲ. ಆದರೆ ನೀನು ಮಾಡಿದ್ದು ಸರಿಯೆಂದೂ ಹೇಳಲಿಲ್ಲ. ತಪ್ಪನ್ನು ತಪ್ಪೆಂದೇ ತಿಳಿದು ಮಾಡಿದವನನ್ನು ಬಿಟ್ಟುಕೊಡುವುದು ಕ್ಷಮೆ. ತಪ್ಪೇ ಅಲ್ಲವೆಂದು ಸಾಧಿಸಿದರೆ ಕ್ಷಮಿಸುವುದಕ್ಕೆ ಏನೂ ಉಳಿಯುವುದಿಲ್ಲ.

ಈ ಕಥೆ ಮಾಲ್ಗುಡಿಯಲ್ಲಿ ಮುಗಿಯಿತೆಂದು ತಿಳಿಯಬೇಕಾಗಿಲ್ಲ. ಈಗ ಸುದ್ದಿಯು ಕ್ಷಣದಲ್ಲಿ ಕೈಯಲ್ಲಿರುವ ಫೋನಿಗೆ ಬರುತ್ತದೆ; ಅಂಚೆಯವನ ಚೀಲವು ಮನೆಯ ಪ್ರತಿಯೊಬ್ಬರ ಹೆಗಲಿಗೂ ಬಂದಂತಾಗಿದೆ. ಬಂಧುವೊಬ್ಬರು ತೀರಿಕೊಂಡರೆ ಸೂತಕವು ಮುಹೂರ್ತಕ್ಕೆ ಅಡ್ಡಬರುತ್ತದೆಂದು, ಆರಾಧನೆ ನಿಲ್ಲುತ್ತದೆಂದು, "ಈಗ ಹೇಳುವುದು ಬೇಡ, ಎಲ್ಲ ಮುಗಿಯಲಿ" ಎಂದು ಪಿಸುಗುಟ್ಟುವ ಮನೆಗಳಿವೆ. ವೃದ್ಧರಿಗೆ ಅವರದೇ ರೋಗದ ಹೆಸರನ್ನು ಹೇಳದ ಮಕ್ಕಳಿದ್ದಾರೆ; ತಿಳಿದಿದ್ದರೆ ಆ ಹಿರಿಯರು ವ್ರತವನ್ನೋ, ಕ್ಷಮಾಯಾಚನೆಯನ್ನೋ, ಸಲ್ಲೇಖನದ ಚಿಂತನೆಯನ್ನೋ ಮಾಡುತ್ತಿದ್ದರೇನೋ. ಬಸದಿಯ ಆಡಳಿತದಲ್ಲಿಯೂ ಈ ಮಾತು ಕೇಳಿಬರುವುದುಂಟು: ಲೆಕ್ಕದಲ್ಲಿ ಕೊರತೆ ಬಂದಿದೆ, ಪಂಚಕಲ್ಯಾಣ ಮುಗಿಯಲಿ, ಆಮೇಲೆ ಸಮಾಜದ ಮುಂದೆ ಇಡೋಣ. ಇವರೆಲ್ಲರೂ ದುಷ್ಟರಲ್ಲ. ಬಹುಪಾಲು ಮಂದಿ ತಾನಪ್ಪನಂತೆಯೇ ಪ್ರೀತಿಯಿಂದ ತಡೆದವರು.

ಅವರೆಲ್ಲ ತಮ್ಮನ್ನು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಎರಡೇ. ಈ ಪತ್ರದ ಮೇಲೆ ಯಾರ ಹೆಸರಿದೆ? ತಡೆದದ್ದಾದರೆ, ತಾನೇ ಕೊಂಡುಹೋಗಿ ಕೊಡುವ ದಿನ ಯಾವುದು? ಮೊದಲನೆಯ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಕೇಳಿಕೊಂಡವನು ಹೆಚ್ಚಿನ ಪತ್ರಗಳನ್ನು ತಡೆಯಲಾರನು. ದುರ್ಬಲತೆಯಿಂದ ತಡೆದವನಿಗೂ ಎರಡನೆಯ ಪ್ರಶ್ನೆಯು ದಾರಿಯನ್ನು ತೆರೆದಿಡುತ್ತದೆ. "ಆಮೇಲೆ ಹೇಳೋಣ" ಎಂಬ ಮಾತಿನ ದೋಷವು ಅಷ್ಟಿಷ್ಟಲ್ಲ. ಆದರೂ ಆ 'ಆಮೇಲೆ' ಎಂಬುದು ಬಾರದೇ ಹೋದಾಗ ಅದು ಪೂರ್ಣವಾದ ಅಸತ್ಯವಾಗುತ್ತದೆ.

ಪ್ರತಿವರ್ಷ ಸಂವತ್ಸರಿಯ ದಿನ, ಕ್ಷಮಾವಣಿಯ ದಿನ, ಶ್ರಾವಕರು ತಿಳಿದೋ ತಿಳಿಯದೆಯೋ ಆದ ತಪ್ಪುಗಳಿಗಾಗಿ ಪರಸ್ಪರ ಕ್ಷಮೆಯನ್ನು ಬೇಡುತ್ತಾರೆ. ಹೆಸರಿಲ್ಲದ ತಪ್ಪುಗಳಿಗೆ ಕ್ಷಮೆ ಕೇಳುವುದು ಸುಲಭ. ಚೀಲದಲ್ಲಿ ಉಳಿದುಹೋದ ಒಂದು ಕಾರ್ಡನ್ನು ಹುಡುಕಿ ತೆಗೆದು, ಅದರ ಮೇಲಿನ ಹೆಸರನ್ನು ಓದಿ, ಆ ಮನೆಯ ಬಾಗಿಲನ್ನು ತಟ್ಟುವುದು ಕಷ್ಟ. ಆ ಕಷ್ಟದ ಹೆಜ್ಜೆಯನ್ನು ಇಟ್ಟದ್ದಕ್ಕಾಗಿ ಮಾಲ್ಗುಡಿಯ ಅಂಚೆಯವನನ್ನು ಮೆಚ್ಚಿದರೆ ಆ ಅನುಮೋದನೆಯಿಂದ ಪಾಪವು ತಗಲುವುದಿಲ್ಲ.