ತಾನಾಗಿ ತೊಟ್ಟಿಕ್ಕುವ ಎಣ್ಣೆ

ಮೋಟಾರು ಸೈಕಲ್ಲಿನ ಸರಪಣಿಗೆ ಎಣ್ಣೆ ಹಾಕುವ ಕೆಲಸವು ಕೊಳೆಯದು, ಬೇಸರದ್ದು, ಮರೆಯುವುದಕ್ಕೆ ಸುಲಭವಾದುದು. ಸವಾರನು ಐದುನೂರು, ಸಾವಿರ ಕಿಲೋಮೀಟರಿಗೊಮ್ಮೆ ನೆಲದ ಮೇಲೆ ಕುಳಿತು, ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸುತ್ತ, ಕೊಂಡಿ ಕೊಂಡಿಗೂ ಎಣ್ಣೆ ಮುಟ್ಟಿಸಬೇಕು. ಈ ತೊಡಕನ್ನು ಕಳೆಯಲೆಂದೇ ತಾನಾಗಿ ಎಣ್ಣೆ ತೊಟ್ಟಿಕ್ಕುವ ಉಪಕರಣವು ಹುಟ್ಟಿತು. ಸ್ಕಾಟ್ಲಂಡಿನ ಸ್ಕಾಟಾಯಿಲರ್ ಇವುಗಳಲ್ಲಿ ಪ್ರಸಿದ್ಧವಾದುದು. ಇದನ್ನು ಅಳವಡಿಸಿಕೊಂಡವನು ತನ್ನ ಕರ್ತವ್ಯವನ್ನು ನೆರವೇರಿಸಿದನೋ, ಅದರಿಂದ ನುಣುಚಿಕೊಂಡನೋ ಎಂಬ ಪ್ರಶ್ನೆಯು ಮೇಲುನೋಟಕ್ಕೆ ಕಾಣುವಷ್ಟು ಅಲ್ಪವಾದುದಲ್ಲ.

ಅದರ ರಚನೆ ಸರಳ. ಎಣ್ಣೆಯ ಪುಟ್ಟ ಪಾತ್ರೆಯಿಂದ ಒಂದು ಸಣ್ಣ ನಳಿಕೆಯು ಇಂಜಿನು ಗಾಳಿಯನ್ನು ಒಳಗೆಳೆದುಕೊಳ್ಳುವ ದಾರಿಗೆ ಸೇರಿರುತ್ತದೆ. ಇಂಜಿನು ನಡೆಯತೊಡಗಿದೊಡನೆ ಆ ಸೆಳೆತದಿಂದ ಪಾತ್ರೆಯೊಳಗಿನ ತಡೆಯು ಮೇಲಕ್ಕೇಳುವುದು. ಎಣ್ಣೆಯು ಇನ್ನೊಂದು ನಳಿಕೆಯಲ್ಲಿ ತನ್ನ ಭಾರದಿಂದಲೇ ಇಳಿದು, ಹಿಂದಿನ ಹಲ್ಲುಚಕ್ರದ ಮೈಗೆ ನಿಮಿಷಕ್ಕೆ ಒಂದೆರಡು ಹನಿಯಂತೆ ತಗುಲುವುದು. ತಿರುಗುವ ಚಕ್ರವು ಅದನ್ನು ಅಂಚಿಗೆ ಚಿಮ್ಮಿ ಸರಪಣಿಗೆ ಒಪ್ಪಿಸುತ್ತದೆ. ಇಂಜಿನು ನಿಂತರೆ ಹನಿಯೂ ನಿಲ್ಲುವುದು. ಶಿವಲಿಂಗದ ಮೇಲೆ ತೂಗುವ ಧಾರಾಪಾತ್ರೆಯನ್ನು ಕಂಡವರಿಗೆ ಇದು ತೀರ ಹೊಸತೆನಿಸದು.

ಇದನ್ನು ತಾನೇ ಕೂರಿಸಿಕೊಂಡವನಿಗೆ ಒಂದು ವಿಶೇಷ ಲಾಭವುಂಟು. ಹಿಂದಿನ ಚಕ್ರವನ್ನು ಹಿಡಿದ ತೋಳು ಏರಿಳಿಯುವುದರಿಂದ ನಳಿಕೆಗೆ ತುಸು ಸಡಿಲು ಬಿಡಬೇಕು. ಬಿಟ್ಟ ಸಡಿಲು ಸರಪಣಿಗೆ ಸಿಕ್ಕದಂತೆ ಕಟ್ಟಬೇಕು. ಹನಿ ಮಿತಿಮೀರಿದರೆ ಎಣ್ಣೆಯು ಟೈರಿಗೆ ಸಿಡಿದು, ತಿರುವಿನಲ್ಲಿ ಚಕ್ರ ಜಾರಿ, ಹಿಂದೆ ಕುಳಿತವರ ಪ್ರಾಣಕ್ಕೂ ಸಂಚಕಾರ ಬಂದೀತು. ಸ್ವತಃ ಕಟ್ಟಿದವನ ಬೆರಳುಗಳು ಇದನ್ನೆಲ್ಲ ಬಲ್ಲವು.

ಆದರೆ ಮೀಮಾಂಸಕರು 'ಪ್ರಸಂಗ'ವೆಂದು ಕರೆಯುವ ವಿಷಯವೊಂದು ಇಲ್ಲಿ ಅಡಗಿದೆ. ಅರಮನೆಯಲ್ಲಿ ಹಚ್ಚಿದ ದೀಪವು ರಾಜಬೀದಿಗೂ ಬೆಳಕಾಗುವಂತೆ, ಒಂದಕ್ಕಾಗಿ ಮಾಡಿದ ಕರ್ಮವು ಮತ್ತೊಂದಕ್ಕೂ ಉಪಕರಿಸುವುದೇ ಪ್ರಸಂಗ. ಎಣ್ಣೆ ಹಾಕಲು ಕುಳಿತವನ ಕಣ್ಣು ಸರಪಣಿಯು ಸಡಿಲಿದ್ದನ್ನೂ, ಕೊಂಡಿಯೊಂದು ಬಾಗದೆ ಬಿಗಿದುದನ್ನೂ, ಹಲ್ಲುಗಳು ಕೊಕ್ಕೆಯಂತೆ ಸವೆದುದನ್ನೂ ಕಾಣುತ್ತಿದ್ದಿತು. ನೋಡೆಂದು ಅವನಿಗೆ ಯಾರೂ ವಿಧಿಸಿರಲಿಲ್ಲ. ಉಪಕರಣವು ಎಣ್ಣೆಯ ಭಾರವನ್ನು ವಹಿಸಿಕೊಂಡಿತು, ನೋಟದ ಭಾರವನ್ನು ವಹಿಸಿಕೊಳ್ಳಲಿಲ್ಲ. ಅರಮನೆಯ ದೀಪ ತೆಗೆದ ಮೇಲೆ ಬೀದಿಗೆ ಬೇರೆ ದೀಪ ಬೇಡವೆ? ಓಡುವಾಗ ಸರಪಣಿ ಹರಿದರೆ ಅದು ಚಕ್ರಕ್ಕೆ ಸುತ್ತಿ ಹಿಡಿಯಬಹುದು, ಇಂಜಿನಿನ ಕವಚವನ್ನೂ ಒಡೆಯಬಹುದು.

ಹಾಗೆಂದು ಕೈಯೆಣ್ಣೆಯೇ ಧರ್ಮ, ಉಪಕರಣವು ಸೋಮಾರಿತನ ಎನ್ನುವುದು ಸಲ್ಲದು. ಮಳೆಯಲ್ಲಿ ದಿನವಿಡೀ ಸಾಗುವವನ ಸರಪಣಿಯ ಎಣ್ಣೆ ತೊಳೆದುಹೋಗುತ್ತಲೇ ಇರುತ್ತದೆ. ಅಲ್ಲಿ ಆ ಹನಿಗೆ ಸಮನಾದ ಕೈಯಿಲ್ಲ. ಕಷ್ಟವನ್ನು ಕಷ್ಟವೆಂಬ ಕಾರಣಕ್ಕೇ ಪುಣ್ಯವೆಣಿಸುವವರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಅವರ ಮಾತು ಹಾಗಿರಲಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ತಯಾರಾದ ಜಾವಾ ಬಂಡಿಗಳ ಸರಪಣಿಗೆ ಪೂರ್ಣವಾದ ಮುಚ್ಚಳವಿದ್ದಿತು. ಧೂಳು ಒಳಹೊಗದಂತೆ ತಡೆದ ಆ ತಗಡು ಸವಾರನ ದೃಷ್ಟಿಯನ್ನೂ ತಡೆಯಿತು. ಆದರೂ ಅದನ್ನು ದೋಷವೆಂದವರು ವಿರಳ.

ಎಣ್ಣೆಯ ಪಾತ್ರೆಯು ಎಂದಾದರೂ ಬರಿದಾಗಲೇಬೇಕಷ್ಟೆ. ಅದನ್ನು ತುಂಬುವ ದಿನವೇ ಚಕ್ರವನ್ನು ಒಂದು ಸುತ್ತು ತಿರುಗಿಸಿ, ಕೊಂಡಿಗಳನ್ನು ಕಣ್ಣಾರೆ ನೋಡಿ, ಆಮೇಲೆ ಮುಚ್ಚಳ ಬಿಗಿಯುವ ಸವಾರರೂ ಉಂಟು.